ಆ ಬಾತು ಸೈಬೀರಿಯಾದಿಂದ ಬಂದದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಮಂಡ್ಯದ ಕೆರೆಗೆ ಸೈಬೀರಿಯಾದ ಅಪರೂಪದ ಅತಿಥಿ’ ಎಂಬ ಶೀರ್ಷಿಕೆಯೊಂದಿಗೆ ಅಚ್ಚಾದ ಬಾತಿನ ಚಿತ್ರವನ್ನು ತೆಗೆದವನು ನಾನು. ಚಿತ್ರದ ಕೆಳಗೆ ನನ್ನ ಹೆಸರು ಬಾರದ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಪರಿಚಯದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇದು ಯಾವ ಬಾತು? ಬೆರಕೆಯಿರಬಹುದೇ?’ ಎಂದು ಕೇಳಿ ಹಾಕಿದ್ದ ಆ ಚಿತ್ರ, ಮೊಬೈಲಿನಿಂದ ಮೊಬೈಲಿಗೆ ದಾಟಿ ತಮ್ಮ ಕಚೇರಿ ತಲುಪುವಷ್ಟರಲ್ಲಿ ನನ್ನ ಪ್ರಶ್ನೆ ಎಲ್ಲೋ ಉದುರಿಹೋಗಿ, ಅದರ ಜಾಗದಲ್ಲಿ ‘ಮಲ್ಲಾರ್ಡ್’ (ಚಳಿಗಾಲದಲ್ಲಿ ಹೊರಗಿನಿಂದ ಬರುವ ಹಸಿರುತಲೆಯ ಬಾತು) ಎಂಬ ಉತ್ತರವೊಂದು ಅಂಟಿಕೊಂಡಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಅಂಕಣದ ಅಗಲಕ್ಕೆ ಹೊಂದಿಸಲೆಂದು ಚಿತ್ರದ ಬಲಬದಿಯನ್ನು ಕತ್ತರಿಸಲಾಗಿದ್ದು, ಆ ಕತ್ತರಿಗೆ ಸಿಕ್ಕಿದ್ದು ಬಾತಿನ ಬಾಲ. ಆ ಹಕ್ಕಿ ಯಾವುದೆಂದು ಹೇಳಬಲ್ಲ ಮುಖ್ಯ ಸಾಕ್ಷಿ ಇದ್ದದ್ದೇ ಬಾಲದಲ್ಲಿ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಡಿಸೆಂಬರ್ ತಿಂಗಳ ಕೊನೆಯ ವಾರ, ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ಕಟಾವು ಮುಗಿಯುತ್ತಾ ಬಂದಿದ್ದ ಹೊತ್ತು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿರುವ ಆ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಹೋಗುವುದು ನಿವೃತ್ತಿಯ ನಂತರ ನಾನು ಮಾಡಿಕೊಂಡ ಅಭ್ಯಾಸ. ತೂಬಿನ ಸಮೀಪದ ಜೊಂಡಿನ ಅಂಚಿನಲ್ಲಿ ಹತ್ತು ಹನ್ನೆರಡು ಚುಕ್ಕೆಕೊಕ್ಕಿನ ಬಾತುಗಳು ಪ್ರತಿದಿನವೂ ಇರುತ್ತವೆ. ಅಂದು ಆ ಗುಂಪಿನಲ್ಲಿ ಒಂದು ಹಕ್ಕಿ ಮಾತ್ರ, ಶಾಲೆಯ ಸಾಲಿನಲ್ಲಿ ಬೇರೆ ಸಮವಸ್ತ್ರ ತೊಟ್ಟು ನಿಂತ ಹುಡುಗನಂತೆ, ದುರ್ಬೀನು ಕಣ್ಣಿಗೆ ಹಿಡಿಯುವ ಮೊದಲೇ ಎದ್ದು ಕಂಡಿತು. ಗಾತ್ರದಲ್ಲಿ ಉಳಿದವಕ್ಕೆ ಸಮ. ಈಜುವ ರೀತಿ, ತಲೆ ಮುಳುಗಿಸಿ ಹಿಂಬದಿ ಎತ್ತಿ ಮೇಯುವ ರೀತಿ ಎಲ್ಲವೂ ಅವುಗಳದ್ದೇ. ಆದರೆ ಮುಖ, ಎದೆ, ಬಾಲ ಮೂರೂ ಅವುಗಳದ್ದಲ್ಲ.

ಚುಕ್ಕೆಕೊಕ್ಕಿನ ಬಾತನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ವರ್ಷವಿಡೀ ಇಲ್ಲಿಯೇ ಇದ್ದು ಇಲ್ಲಿಯೇ ಮರಿ ಮಾಡುವ, ಸುಮಾರು 60 ಸೆಂಟಿಮೀಟರ್ ಉದ್ದದ ಈ ಹಕ್ಕಿಯ ಕೊಕ್ಕು ಕಪ್ಪು, ಕೊಕ್ಕಿನ ತುದಿ ಹಳದಿ, ಕೊಕ್ಕು ಹಣೆಯನ್ನು ಸೇರುವಲ್ಲಿ ಎರಡೂ ಬದಿಗೆ ಕುಂಕುಮವಿಟ್ಟಂತೆ ಒಂದೊಂದು ಕೆಂಪು ಚುಕ್ಕೆ. ತಲೆಯ ಮೇಲೆ ಕಪ್ಪು ಟೋಪಿ, ಕಣ್ಣನ್ನು ಹಾದುಹೋಗುವ ಕಪ್ಪು ಗೆರೆ, ಮೈಮೇಲೆ ಮೀನಿನ ಹುರುಪೆಯಂಥ ಗರಿಗಳು, ಕುಳಿತಾಗ ರೆಕ್ಕೆಯ ಹಿಂಬದಿಯಲ್ಲಿ ಕಾಣುವ ಬಿಳಿ ಪಟ್ಟೆ. ಗಂಡು ಹೆಣ್ಣುಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ನಾನು ಕಂಡ ಹಕ್ಕಿಯಲ್ಲಿ ಟೋಪಿಯೂ ಕಣ್ಣಿನ ಗೆರೆಯೂ ಇದ್ದವು, ಆದರೆ ಕಣ್ಣಿನ ಹಿಂದಿನಿಂದ ಕತ್ತಿನವರೆಗೆ ಹಸಿರು ಹೊಳಪು ಹರಡಿತ್ತು. ಕೊಕ್ಕು ಕಪ್ಪಲ್ಲ, ಪಾಚಿ ಬೆರೆತ ಹಳದಿಯ ಮೇಲೆ ನಡುವೆ ಕಪ್ಪು ಮಸಿ ಬಳಿದಂತಿತ್ತು. ಕೆಂಪು ಚುಕ್ಕೆಯನ್ನು ಹುಡುಕಿ ಹುಡುಕಿ ನೋಡಿದರೂ ಸಿಗಲಿಲ್ಲ. ಕತ್ತಿನ ಸುತ್ತ ಪೂರ್ತಿಯಾಗದ ಬಿಳಿ ಉಂಗುರದ ತುಣುಕು, ಎದೆಯಲ್ಲಿ ಚುಕ್ಕೆಗಳ ನಡುವೆ ಇಟ್ಟಿಗೆಯಂಥ ಕಂದು. ಕೊನೆಗೆ, ಬಾಲದ ಬುಡದ ಮೇಲೆ ಮೇಲ್ಮುಖವಾಗಿ ಸುರುಳಿ ಸುತ್ತಿದ ಎರಡು ಕಪ್ಪು ಗರಿಗಳು.

ಈ ಸುರುಳಿ ಗರಿಯೇ ತಮ್ಮ ಕತ್ತರಿಗೆ ಸಿಕ್ಕಿದ ಸಾಕ್ಷಿ. ಮಲ್ಲಾರ್ಡ್ ಎಂಬ ಹಸಿರುತಲೆಯ ಬಾತಿನ ಗಂಡಿಗೂ, ಅದೇ ಕುಲದಿಂದ ಮನುಷ್ಯ ಪಳಗಿಸಿದ ಸಾಕುಬಾತುಗಳ ಗಂಡಿಗೂ ಇಂಥ ಗರಿ ಇರುತ್ತದೆ, ಶುದ್ಧ ಚುಕ್ಕೆಕೊಕ್ಕಿನ ಬಾತಿಗೆ ಇರುವುದಿಲ್ಲ. ಎಂದರೆ ಈ ಹಕ್ಕಿಯ ತಂದೆ ತಾಯಿಗಳಲ್ಲಿ, ಅಥವಾ ಅಜ್ಜ ಅಜ್ಜಿಯರಲ್ಲಿ, ಯಾರೋ ಒಬ್ಬರು ಆ ಮನೆತನದವರು. ಬಾಲವಿಲ್ಲದ ಚಿತ್ರದಲ್ಲಿ ಉಳಿದದ್ದು ಹಸಿರು ಹೊಳಪಿನ ತಲೆ ಮಾತ್ರ. ಅದನ್ನು ನೋಡಿದ ಯಾರೇ ಆದರೂ ಮಲ್ಲಾರ್ಡ್ ಎಂದುಕೊಳ್ಳುವುದು ಸಹಜವೇ.

ಹಾಗಾದರೆ ಅದು ನಿಜವಾಗಿಯೂ ಮಲ್ಲಾರ್ಡ್ ಆಗಿರಬಾರದೇಕೆ ಎಂದು ಕೇಳಬಹುದು. ಮಲ್ಲಾರ್ಡ್ ಉತ್ತರ ಭಾರತಕ್ಕೆ ಚಳಿಗಾಲದಲ್ಲಿ ಬರುವ ಹಕ್ಕಿ, ದಕ್ಷಿಣದಲ್ಲಿ ಬಹಳ ಅಪರೂಪ. ಅಪರೂಪವೆಂದ ಮಾತ್ರಕ್ಕೆ ಬರಲೇಬಾರದೆಂದೇನಿಲ್ಲ. ಆದರೆ ಗಂಡು ಮಲ್ಲಾರ್ಡಿನ ತಲೆಯಲ್ಲಿ ಹಸಿರು ಬಣ್ಣ ಇಡಿಯಾಗಿ ತುಂಬಿರುತ್ತದೆಯೇ ಹೊರತು ಅದರ ನಡುವೆ ಕಪ್ಪು ಕಣ್ಣುಗೆರೆಯಾಗಲಿ ತಿಳಿಬಣ್ಣದ ಕೆನ್ನೆಯಾಗಲಿ ಇರುವುದಿಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಮಲ್ಲಾರ್ಡ್ ಹೊಳೆಯುವ ಗರಿಗಳನ್ನು ಉದುರಿಸಿ ಕೆಲವು ತಿಂಗಳು ಹೆಣ್ಣಿನ ಬಣ್ಣದಲ್ಲಿರುತ್ತದೆ ಎಂಬುದು ನಿಜ, ಆ ಹಂತದ ಹಕ್ಕಿ ಅರೆಬರೆ ಬಣ್ಣದಲ್ಲಿ ಕಂಡು ನೋಡುವವರನ್ನು ದಾರಿ ತಪ್ಪಿಸುತ್ತದೆ. ಆದರೆ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತು. ಡಿಸೆಂಬರ್ ಕೊನೆಗೆ ಅದು ಪೂರ್ತಿ ಸಿಂಗಾರದಲ್ಲಿರಬೇಕು. ಶುದ್ಧ ಚುಕ್ಕೆಕೊಕ್ಕಿನ ಬಾತಿನದೇ ಬಣ್ಣ ಕೆಟ್ಟಿರಬಹುದೇ? ಬಣ್ಣದ ಕೊರತೆಯಿಂದ ಗರಿ ಬಿಳುಪೇರುವುದುಂಟು, ಕೆಸರಿನ ಕಬ್ಬಿಣದ ಅಂಶ ಹತ್ತಿ ಎದೆ ಕೆಂಪಾಗುವುದೂ ಉಂಟು. ಇವೆರಡೂ ಗರಿಯ ಬಣ್ಣವನ್ನು ಕೆಡಿಸಬಹುದೇ ಹೊರತು ಗರಿಯನ್ನು ಸುರುಳಿ ಸುತ್ತಲಾರವು. ಪೂರ್ಣ ಸಾಕುಬಾತೇ ಇರಬಹುದೇ ಎಂದೂ ಯೋಚಿಸಿದೆ. ಸಾಕುಬಾತು ಸಾಮಾನ್ಯವಾಗಿ ಹೊಟ್ಟೆ ಜೋತು, ಹಿಂಬದಿ ಭಾರವಾಗಿ, ಹಾರಲು ತಿಣುಕುತ್ತದೆ. ಇದಾದರೋ ಮೀನುಗಾರರ ಹರಿಗೋಲು ಹತ್ತಿರ ಬಂದೊಡನೆ ಉಳಿದವುಗಳೊಂದಿಗೆ ನೀರಿನಿಂದ ನೇರವಾಗಿ ಎದ್ದು ಕೆರೆಗೆ ಎರಡು ಸುತ್ತು ಹಾಕಿ ಇಳಿಯಿತು.

ಇಷ್ಟನ್ನು ಹೇಳಲು ನನಗೆ ಮೂರು ಬೆಳಗು ಬೇಕಾದವು ಎಂಬುದನ್ನೂ ಹೇಳಬೇಕು. ಮೊದಲ ದಿನದ ಸುಮಾರು ಇನ್ನೂರು ಚಿತ್ರಗಳಲ್ಲಿ ಕೆಲಸಕ್ಕೆ ಬಂದದ್ದು ಒಂದೂ ಇಲ್ಲ. ಸೂರ್ಯ ಎದುರಿಗಿದ್ದ, ಕ್ಯಾಮೆರಾ ಹೊಳೆಯುವ ನೀರನ್ನು ಅಳೆದು ಹಕ್ಕಿಯನ್ನು ಕಪ್ಪು ಉಂಡೆಯಾಗಿಸಿತ್ತು. ಎರಡನೆಯ ದಿನ ಕೋಡಿಯ ಕಡೆಯಿಂದ ಸುತ್ತಿಕೊಂಡು ಬಂದು, ಸೂರ್ಯನಿಗೆ ಬೆನ್ನು ಮಾಡಿ, ಏರಿಯ ಕಲ್ಲುಗಳ ಮೇಲೆ ಮೊಣಕೈ ಊರಿ ಮಲಗಿದೆ. ಆಗ ತಲೆಯ ಹಸಿರು ಒಮ್ಮೆ ಹಸಿರಾಗಿ, ಒಮ್ಮೆ ನೇರಳೆಯಾಗಿ, ತಲೆ ಸ್ವಲ್ಪ ತಿರುಗಿದರೆ ಬರೀ ಕಪ್ಪಾಗಿ ಕಂಡಿತು. ಬಾತಿನ ತಲೆಯ ಹೊಳಪು ಬಣ್ಣದ ಕಣಗಳಿಂದ ಮಾತ್ರ ಬರುವುದಲ್ಲ, ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬೀಳುವ ಕೋನದಿಂದ ಹುಟ್ಟುವಂಥದ್ದು. ಆದ್ದರಿಂದ ಒಂದೇ ಚಿತ್ರದ ಆಧಾರದ ಮೇಲೆ ತಲೆಯ ಬಣ್ಣವನ್ನು ಕುರಿತು ವಾದಿಸುವುದು ವ್ಯರ್ಥ. ಮೂರನೆಯ ದಿನ ಬಾತುಗಳು ಮೇವು ಮುಗಿಸಿ ದಿಬ್ಬದ ಮೇಲೆ ಗರಿ ತಿದ್ದಿಕೊಳ್ಳುತ್ತಿದ್ದಾಗ ಕಾದು ಕುಳಿತೆ. ಗರಿ ತಿದ್ದಿಕೊಂಡ ಬಾತು ಕೊನೆಗೊಮ್ಮೆ ಎದ್ದು ನಿಂತು ರೆಕ್ಕೆಯನ್ನು ಪಟಪಟನೆ ಬಡಿಯುತ್ತದೆ. ಆ ಎರಡು ಸೆಕೆಂಡುಗಳಿಗಾಗಿ ಮುಕ್ಕಾಲು ಗಂಟೆ ಕಾಯಬೇಕು. ಸೆಕೆಂಡಿನ 1/2000 ವೇಗದಲ್ಲಿ ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದರಲ್ಲಿ ರೆಕ್ಕೆ ಪೂರ್ತಿ ಬಿಚ್ಚಿಕೊಂಡಿತು. ರೆಕ್ಕೆಯ ಹಿಂಭಾಗದಲ್ಲಿ, ಪಕ್ಷಿವೀಕ್ಷಕರು ಸ್ಪೆಕ್ಯುಲಮ್ ಎನ್ನುವ ಹೊಳೆಯುವ ಪಟ್ಟಿ, ಚುಕ್ಕೆಕೊಕ್ಕಿನ ಬಾತಿನ ಹಸಿರೂ ಅಲ್ಲದ ಮಲ್ಲಾರ್ಡಿನ ನೀಲಿಯೂ ಅಲ್ಲದ ನಡುವಿನ ಬಣ್ಣದಲ್ಲಿತ್ತು. ಪಟ್ಟಿಯ ಹಿಂದೆಯೂ ಮುಂದೆಯೂ ಮಲ್ಲಾರ್ಡಿಗಿರುವಂಥ ಎದ್ದು ಕಾಣುವ ಬಿಳಿ ಅಂಚು ಇತ್ತು. ಪಕ್ಕದಲ್ಲೇ ನಿಂತಿದ್ದ ಶುದ್ಧ ಚುಕ್ಕೆಕೊಕ್ಕಿನ ಬಾತೂ ಅದೇ ಚೌಕಟ್ಟಿನಲ್ಲಿ ಸಿಕ್ಕಿದ್ದು ನನ್ನ ಪುಣ್ಯ. ಗಾತ್ರವನ್ನೂ ಬಣ್ಣವನ್ನೂ ಹೋಲಿಸಲು ಅದಕ್ಕಿಂತ ಉತ್ತಮ ಅಳತೆಗೋಲು ಇನ್ನೊಂದಿಲ್ಲ.

ಮೊಬೈಲಿನ ಗುರುತಿಸುವ ಆ್ಯಪ್‌ಗಳಿಗೂ ಚಿತ್ರ ತೋರಿಸಿದೆ. ಒಂದೇ ಹಕ್ಕಿಯ ಮೂರು ಚಿತ್ರಗಳಿಗೆ ಮೂರು ಹೆಸರು ಬಂದವು. ತಾನು ಕಲಿತ ಜಾತಿಗಳಲ್ಲಿ ಹತ್ತಿರದ ಒಂದನ್ನು ಆರಿಸಿ ಕೊಡುವುದು ಅವುಗಳ ಕೆಲಸ. ‘ಇದು ಯಾವುದೂ ಅಲ್ಲ’ ಎನ್ನುವ ಸಂಕೋಚ ಅವುಗಳಿಗೆ ಸುಲಭವಾಗಿ ಬರುವುದಿಲ್ಲ. ಇದಕ್ಕಿಂತ ಅಪಾಯಕಾರಿಯಾದದ್ದು ಮಸುಕು ಚಿತ್ರವನ್ನು ‘ಸ್ಪಷ್ಟ’ಗೊಳಿಸುವ ತಂತ್ರಾಂಶ. ಪರಿಚಿತರೊಬ್ಬರು ಪ್ರೀತಿಯಿಂದಲೇ ನನ್ನ ಮೊದಲ ದಿನದ ಚಿತ್ರವನ್ನು ಹಾಗೆ ತಿದ್ದಿ ಕಳುಹಿಸಿದರು. ಕೊಕ್ಕಿನ ಬುಡದಲ್ಲಿ ನಾನು ಕಾಣದ ಕೆಂಪು ಚುಕ್ಕೆಯೊಂದು ಅಲ್ಲಿ ಮೂಡಿತ್ತು. ಯಂತ್ರ ತಾನು ಊಹಿಸಿದ ಗರಿಗಳನ್ನು ಹಕ್ಕಿಯ ಮೈಗೆ ಹೊಲಿದುಬಿಟ್ಟರೆ ಆ ಚಿತ್ರ ಸಾಕ್ಷಿಯಾಗಿ ಉಳಿಯುವುದಿಲ್ಲ. ಕ್ಯಾಮೆರಾದಿಂದ ಬಂದ ಮೂಲ ಕಡತವನ್ನು ದಿನಾಂಕ ಸಮಯಗಳ ಸಹಿತ ಮುಟ್ಟದೆ ಇಟ್ಟುಕೊಳ್ಳಬೇಕೆಂದು ಹಕ್ಕಿಯ ಚಿತ್ರ ತೆಗೆಯುವ ಎಳೆಯರಿಗೆ ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನು ಈ ಬೆರಕೆ ಎಲ್ಲಿಂದ ಬಂತು ಎಂಬ ಪ್ರಶ್ನೆ. ಕಟಾವಿನ ನಂತರ ಕೂಳೆ ಗದ್ದೆಗಳಲ್ಲಿ ಉದುರಿದ ಭತ್ತ, ಬಸವನಹುಳು, ಹುಳುಹುಪ್ಪಟೆ ಮೇಯಿಸಲು ತಮಿಳುನಾಡು, ಆಂಧ್ರದ ಕಡೆಯಿಂದ ಬಾತು ಕಾಯುವವರು ನೂರಾರು, ಸಾವಿರಾರು ಬಾತುಗಳನ್ನು ಲಾರಿಯಲ್ಲಿ ತಂದು ನಮ್ಮ ಬಯಲಿನಲ್ಲಿ ಬೀಡುಬಿಡುವುದನ್ನು ಮಂಡ್ಯದ ರೈತರೆಲ್ಲರೂ ಬಲ್ಲರು. ನಮ್ಮ ಕೆರೆಯ ಕೆಳಗೂ ಅಂಥ ಒಂದು ಬೀಡಿತ್ತು. ಬಲೆ ಕಟ್ಟಿದ ಆವರಣದ ಪಕ್ಕದಲ್ಲಿ ಅಡುಗೆ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಕ್ಯಾಮೆರಾದ ಪರದೆಯಲ್ಲಿ ಚಿತ್ರ ತೋರಿಸಿದೆ. ಅವರು ಒಂದು ಗಳಿಗೆಯೂ ಯೋಚಿಸದೆ, ತಮಿಳು ಬೆರೆತ ಕನ್ನಡದಲ್ಲಿ, ‘ನಮ್ಮದೇ ಸಾರ್, ಆದರೆ ಅರ್ಧ. ಕೆರೆ ಬಾತಿನ ಜೊತೆ ಹೋದದ್ದು ವಾಪಸ್ ಬರಲ್ಲ’ ಎಂದರು. ಪ್ರತಿ ಬೀಡಿನಲ್ಲೂ ಒಂದೆರಡು ಬಾತು ಹೀಗೆ ತಪ್ಪಿಸಿಕೊಳ್ಳುತ್ತವೆಯಂತೆ. ದಕ್ಷಿಣ ಭಾರತದಲ್ಲಿ ಚುಕ್ಕೆಕೊಕ್ಕಿನ ಬಾತುಗಳು ಹೆಚ್ಚಾಗಿ ನವೆಂಬರ್ ಡಿಸೆಂಬರ್ ಹೊತ್ತಿನಲ್ಲೇ ಗೂಡು ಮಾಡುತ್ತವೆ. ಬಾತಿನ ಮಂದೆ ಗದ್ದೆಗೆ ಇಳಿಯುವುದೂ ಹೆಚ್ಚುಕಡಿಮೆ ಆಗಲೇ. ತಜ್ಞರಿಗಿಂತ ಮೊದಲು ಮತ್ತು ನೇರವಾಗಿ ಈ ಹಕ್ಕಿಯ ಜಾತಕ ಹೇಳಿದವರು ಆ ಬಾತು ಕಾಯುವ ಹಿರಿಯರೇ ಎಂಬುದನ್ನು ದಾಖಲಿಸಲು ನನಗೆ ಸಂತೋಷವಿದೆ.

ಹಕ್ಕಿಗಳಲ್ಲಿ ಬೆರಕೆ ಅತಿ ಹೆಚ್ಚಾಗಿ ಕಂಡುಬರುವ ಕುಟುಂಬ ಬಾತುಗಳದ್ದು. ಸಾಕಣೆಯಲ್ಲಿ ಹುಟ್ಟಿದವನ್ನೂ ಸೇರಿಸಿದರೆ 400ಕ್ಕೂ ಹೆಚ್ಚು ಬಗೆಯ ಜೋಡಿಗಳ ಸಂತಾನ ದಾಖಲಾಗಿದೆ. ಹೆಸರಾಂತ ಪಕ್ಷಿಚಿತ್ರಕಾರ ಆಡುಬಾನ್ 1822ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಸಿಕ್ಕಿದ ವಿಚಿತ್ರ ಬಾತೊಂದನ್ನು ಚಿತ್ರಿಸಿದ. ಅದಕ್ಕೆ ‘ಬ್ರೂವರನ ಬಾತು’ ಎಂಬ ಹೆಸರೂ ಬಂತು, ಮುಂದೆ ಅದು ಮಲ್ಲಾರ್ಡ್ ಮತ್ತು ಗ್ಯಾಡ್ವಾಲ್ ಬಾತುಗಳ ಬೆರಕೆ ಎಂದು ತೀರ್ಮಾನವಾಯಿತು. ಅಂಥವರೇ ಗೊಂದಲಕ್ಕೆ ಬಿದ್ದ ಮೇಲೆ ನಮ್ಮಂಥವರು ‘ಗೊತ್ತಿಲ್ಲ’ ಎನ್ನಲು ನಾಚಬೇಕಾಗಿಲ್ಲ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೊವಿ ಬಾತಿಗೂ ಸಾಮಾನ್ಯ ಸಾಕುಬಾತಿಗೂ ಹುಟ್ಟುವ ಮರಿ ಹೇಸರಗತ್ತೆಯಂತೆ ಬಂಜೆಯಾಗುತ್ತದೆ. ಮಲ್ಲಾರ್ಡ್ ಮತ್ತು ಚುಕ್ಕೆಕೊಕ್ಕಿನ ಬಾತುಗಳು ಹತ್ತಿರದ ಬಂಧುಗಳಾದ್ದರಿಂದ ಅವುಗಳ ಬೆರಕೆಗೆ ಸಂತಾನ ಮುಂದುವರಿಸುವ ಶಕ್ತಿಯಿರುತ್ತದೆ. ಹೀಗೆ ಎರಡು ಮೂರು ತಲೆಮಾರು ಕಾಡುಬಾತಿನೊಂದಿಗೆ ಬೆರೆತ ಮೇಲೆ ಹೊರಗಿನ ಲಕ್ಷಣಗಳು ಮಾಸಿ, ಒಂದು ಸುರುಳಿ ಗರಿಯೋ ಎದೆಯ ಬಿಳಿ ಮಚ್ಚೆಯೋ ಮಾತ್ರ ಉಳಿಯಬಹುದು. ಅಲ್ಲಿಂದ ಮುಂದೆ ಚಿತ್ರ ಕೈಚೆಲ್ಲುತ್ತದೆ, ವಂಶವಾಹಿ ಪರೀಕ್ಷೆಯೇ ಬೇಕು. ಅದಕ್ಕಾಗಿ ಗರಿ ಸಂಗ್ರಹಿಸುವುದು ಅರಣ್ಯ ಇಲಾಖೆಯ ಅನುಮತಿಯಿಂದ ಆಗಬೇಕಾದ ಕೆಲಸ, ಹವ್ಯಾಸಿಗಳು ಮಾಡತಕ್ಕದ್ದಲ್ಲ. ಆದ್ದರಿಂದಲೇ ನಾನು ‘ಚುಕ್ಕೆಕೊಕ್ಕಿನ ಬಾತು ಮತ್ತು ಸಾಕುಬಾತಿನ ಬೆರಕೆ’ ಎಂದು ಖಡಾಖಂಡಿತವಾಗಿ ಹೇಳದೆ, ಬಹುಮಟ್ಟಿಗೆ ಹಾಗಿರಬೇಕು ಎಂಬಲ್ಲಿಗೆ ನಿಲ್ಲುತ್ತೇನೆ.

ಬೆರಕೆಯಾದರೆ ಆಗಲಿ, ಅದರಿಂದ ಯಾರಿಗೇನು ನಷ್ಟ ಎನ್ನುವವರಿಗೆ ನ್ಯೂಜಿಲೆಂಡಿನ ಕತೆ ಹೇಳಬೇಕು. ಬೇಟೆಗಾಗಿ ಅಲ್ಲಿ ತಂದು ಬಿಟ್ಟ ಮಲ್ಲಾರ್ಡುಗಳು ಸ್ಥಳೀಯ ಬೂದುಬಾತಿನೊಂದಿಗೆ ಬೆರೆತು, ಇಂದು ಆ ದೇಶದಲ್ಲಿ ಶುದ್ಧ ಬೂದುಬಾತನ್ನು ಹುಡುಕುವುದೇ ಕಷ್ಟವಾಗಿದೆ. ಹವಾಯಿ ದ್ವೀಪಗಳ ಕೊಲೋವಾ ಬಾತಿನ ಕಷ್ಟವೂ ಇದೇ. ನಮ್ಮಲ್ಲಿ ಪರಿಸ್ಥಿತಿ ಅಲ್ಲಿಗೆ ಬಂದಿದೆ ಎಂದು ನಾನು ಹೇಳುತ್ತಿಲ್ಲ; ಒಂದು ಹಕ್ಕಿಯಿಂದ ಅಂಥ ತೀರ್ಮಾನಕ್ಕೆ ಬರಲಾಗದು. ಆದರೆ ಮೈಸೂರಿನ ಬಡಾವಣೆಗಳ ನಡುವಿನ ಕೆರೆಗಳಲ್ಲಿಯೂ ಮಂಡ್ಯದ ಕೆಲವು ಕಟ್ಟೆಗಳಲ್ಲಿಯೂ ಅಂದಕ್ಕೆಂದೋ ಹರಕೆಗೆಂದೋ ಸಾಕಲಾಗದೆಯೋ ಜನ ಬಿಳಿಬಾತುಗಳನ್ನು ತಂದು ಬಿಡುವುದನ್ನು ನಾನೇ ಕಂಡಿದ್ದೇನೆ. ಕಾಡುಬಾತಿಗೆ ಅವು ರಕ್ತವನ್ನೂ ಕೊಡಬಲ್ಲವು, ರೋಗವನ್ನೂ ಕೊಡಬಲ್ಲವು. ಬೆರಕೆ ಹಕ್ಕಿ ಕಂಡಾಗ ಅದನ್ನು ‘ವಿದೇಶಿ ಅತಿಥಿ’ ಎಂದು ಸಂಭ್ರಮಿಸಿದರೆ ಈ ವಿಚಾರ ಲೆಕ್ಕಕ್ಕೇ ಬರುವುದಿಲ್ಲ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿಯಲ್ಲಿ ಪಾಲ್ಗೊಳ್ಳುವ ನಮ್ಮ ಭಾಗದ ಆಸಕ್ತರು, ಗುಂಪಿನಲ್ಲಿ ವಿಚಿತ್ರವಾದದ್ದು ಕಂಡರೆ ಅದನ್ನು ಹತ್ತಿರದ ಜಾತಿಯ ಸಂಖ್ಯೆಗೆ ಸೇರಿಸಿಬಿಡದೆ ಬೇರೆಯಾಗಿ ಬರೆದು ಚಿತ್ರವಿಟ್ಟರೆ, ಹತ್ತು ವರ್ಷದ ನಂತರ ಇಂಥವು ಹೆಚ್ಚಿವೆಯೋ ಇಲ್ಲವೋ ಎಂದು ಹೇಳಲು ಆಧಾರವಾದರೂ ಇರುತ್ತದೆ. ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳನ್ನು ಅಂತರ್ಜಾಲದಲ್ಲಿ ಬರೆದಿಡುವ ಇ-ಬರ್ಡ್ ದಾಖಲೆಯಲ್ಲಿಯೂ ಬೆರಕೆ ಹಕ್ಕಿಗಳಿಗೂ ಜಾತಿ ಖಚಿತವಾಗದ ಬಾತುಗಳಿಗೂ ಪ್ರತ್ಯೇಕ ಸಾಲುಗಳಿವೆ.

ಸೈಬೀರಿಯಾದ ಬಗ್ಗೆಯೂ ಒಂದು ಮಾತು. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯನ್ನು ಆಸ್ಟ್ರೇಲಿಯಾದಿಂದಲೂ ರಂಗನತಿಟ್ಟಿನ ಬಣ್ಣದ ಕೊಕ್ಕರೆಯನ್ನು ಸೈಬೀರಿಯಾದಿಂದಲೂ ಕರೆತರುವ ಪರಿಪಾಠ ನಮ್ಮ ಪತ್ರಿಕೆಗಳಲ್ಲಿ ಬಹಳ ಹಿಂದಿನಿಂದ ಇದೆ. ಅವೆರಡೂ ಈ ನೆಲದಲ್ಲೇ ಹುಟ್ಟಿ ಇಲ್ಲೇ ಗೂಡು ಕಟ್ಟುವ ಹಕ್ಕಿಗಳು. ನಿಜವಾಗಿ ದೂರದಿಂದ ಬರುವವೂ ಇವೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ, ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ಕಂಡದ್ದುಂಟು. ಅಲ್ಲಿ ಊರಿನ ಹೆಸರಿಗೆ ಕೊರಳಪಟ್ಟಿಯ ಆಧಾರವಿತ್ತು. ನನ್ನ ಬಾತಿನ ಕೊರಳಲ್ಲಿ ಇದ್ದದ್ದು ಅರ್ಧ ಬಿಳಿ ಉಂಗುರ ಮಾತ್ರ.

ವರದಿ ಪ್ರಕಟವಾದ ಮೂರನೆಯ ದಿನ ಭಾನುವಾರ. ಅಂದು ಏರಿಯ ಮೇಲೆ ಕಾರು ಬೈಕುಗಳು ನಿಂತಿದ್ದವು. ಒಬ್ಬರು ಬಾತುಗಳನ್ನು ಹಾರಿಸಿ ಚಿತ್ರ ತೆಗೆಯಲು ನೀರಿಗೆ ಕಲ್ಲೆಸೆಯುತ್ತಿದ್ದರು, ಇನ್ನೊಬ್ಬರು ಡ್ರೋನ್ ಹಾರಿಸಿದರು. ಶಿಳ್ಳೆ ಬಾತುಗಳೂ ಬಿಳಿಹುಬ್ಬಿನ ಬಾತುಗಳೂ ಸಹಿತ ಇಡೀ ಕೆರೆ ಖಾಲಿಯಾಯಿತು. ಗೂಡಿನ ಕಾಲದಲ್ಲಿ ತಾಯಿ ಬಾತು ಹೀಗೆ ಎದ್ದುಹೋದರೆ ಜೊಂಡಿನೊಳಗಿನ ಮೊಟ್ಟೆ ಕಾಗೆಯ ಪಾಲು. ಅಂದಿನಿಂದ ನಾಲ್ಕು ದಿನ ನನ್ನ ಬಾತು ಕಾಣಲಿಲ್ಲ. ನಿನ್ನೆ ಬೆಳಿಗ್ಗೆ ತೂಬಿನ ಬಳಿ ಮತ್ತೆ ಇತ್ತು. ಈ ಪತ್ರದಲ್ಲಿ ಕೆರೆಯ ಹೆಸರನ್ನು ನಾನು ಬರೆಯದಿರುವುದು ಇದೇ ಕಾರಣಕ್ಕೆ.

ತಿದ್ದುಪಡಿ ಪ್ರಕಟಿಸುವುದಾದರೆ ಹಕ್ಕಿಯ ಗುರುತು ಇನ್ನೂ ಖಚಿತವಾಗಿಲ್ಲ, ಸ್ಥಳೀಯ ಬೆರಕೆ ಎಂಬ ಅನುಮಾನ ಬಲವಾಗಿದೆ ಎಂದಷ್ಟೇ ಬರೆದರೆ ಸಾಕು. ಪೂರ್ಣ ಚಿತ್ರವನ್ನೂ ರೆಕ್ಕೆ ಬಿಚ್ಚಿದ ಇನ್ನೊಂದು ಚಿತ್ರವನ್ನೂ ಇದರೊಂದಿಗೆ ಕಳುಹಿಸಿದ್ದೇನೆ. ಪುಟದಲ್ಲಿ ಜಾಗ ಸಾಲದಿದ್ದರೆ ಈ ಬಾರಿ ತಲೆಯನ್ನು ಕತ್ತರಿಸಿ, ಬಾಲವನ್ನು ಉಳಿಸಿಕೊಳ್ಳಿ.

ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಅಧ್ಯಾಪಕ,
ಮಂಡ್ಯ